ಹೆಸರು ಹೇಳಬಾರದ ಹೂವಿನೊಡನೆ ಮಸ್ಕತ್ತಿಗೆ

ಸಾಲಿಗ್ರಾಮದ ನನ್ನ ಅಂಗಡಿಗೆ ರವಿಕೆ ಹೊಲಿಸಲು ಬಂದವರು ಅಳತೆ ಕೊಡುವ ಮೊದಲೇ ಕೇಳುತ್ತಾರೆ, "ಮಸ್ಕತ್ತಗೆ ಎಂತೆಲ್ಲ ಕಂಡ್ರಿ ಸುಮತಕ್ಕ, ಹೇಳಿ ಕಾಂಬ." ಸಮುದ್ರ ಕಂಡೆ, ಅದು ನಮ್ಮಲ್ಲೂ ಇದೆ. ಮೀನು ಮಾರ್ಕೆಟ್ಟು ಕಂಡೆ, ಗಂಗೊಳ್ಳಿಯಲ್ಲಿ ಇದಕ್ಕಿಂತ ಜೋರು ಗದ್ದಲ. ಸರಿಯಾಗಿ ಕಣ್ಣು ಬಿಟ್ಟು ಕಂಡದ್ದು ಅಲ್ಲಿಯ ವಿಮಾನ ನಿಲ್ದಾಣದ ಒಳಗಿನ ಒಂದು ಕೋಣೆಯನ್ನು. ಕಿಟಕಿ ಇಲ್ಲ. ಒಂದು ಸ್ಟೀಲಿನ ಮೇಜು, ನಾಲ್ಕು ಕುರ್ಚಿ, ಮೂಳೆ ಕೊರೆಯುವ ಏಸಿ. ಆ ಚಳಿಯಲ್ಲೂ ನನ್ನ ರವಿಕೆಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಹಾಗಾಗಿ ನನ್ನ ಪ್ರವಾಸ ಕಥನದಲ್ಲಿ ಅರಮನೆ, ಕೋಟೆ ಹುಡುಕಬೇಡಿ. ಆ ಕೋಣೆಗೆ ನಾವು ಹೇಗೆ ಹೋದೆವು, ಏನು ಬಿಟ್ಟು ಬಂದೆವು ಎಂಬುದಷ್ಟೇ ಇದರಲ್ಲಿದೆ.

ಕೆರಾಡಿ

ನನ್ನ ಗಂಡನ ಅಕ್ಕ ಚಂದ್ರಾವತಿ, ಕೆರಾಡಿ ಎಂಬ ಊರಿನವರು. ನಾನು ಅವರನ್ನು ಅತ್ಗೆ ಎನ್ನುತ್ತೇನೆ, ನನ್ನ ಮಗಳು ರೇಖಾ ಅತ್ತೆ ಎನ್ನುತ್ತಾಳೆ, ಕೊಕ್ಕರ್ಣೆಯಿಂದ ಬೈಂದೂರಿನವರೆಗಿನ ಬಾಣಂತಿಯರು ಕೆಂಪಿನ ಮದ್ದಿನ ಅಮ್ಮ ಎನ್ನುತ್ತಾರೆ. ಎಳೆಮಕ್ಕಳ ಮೈಮೇಲೆ ಕೆಂಪಗೆ ದಡ್ಡು ಎದ್ದು ತುರಿಸತೊಡಗಿದರೆ ನಮ್ಮಲ್ಲಿ ಅದಕ್ಕೆ ಕೆಂಪು ಎಂದೇ ಹೆಸರು. ಅದಕ್ಕೆ ಅತ್ಗೆ ಒಣಗಿದ ಹೂ ಕೊಡುತ್ತಾರೆ. ತೆಂಗಿನೆಣ್ಣೆಯಲ್ಲಿ ಕಾಯಿಸಿ ಮಗುವಿನ ಮೈಗೆ ಹಚ್ಚುವುದು.

ಹೂವಿನ ಮದ್ದು ನಮಗೇನು ಹೊಸದಲ್ಲ. ನೆಗಡಿಗೆ ತುಂಬೆ ಹೂ, ಕಣ್ಣುರಿಗೆ ನಂದಿಬಟ್ಟಲು, ತಲೆಗೂದಲಿಗೆ ದಾಸವಾಳ, ಹೊಟ್ಟೆ ಕೆಟ್ಟರೆ ಕೇಪಳದ ತಂಬುಳಿ. ಇದೆಲ್ಲ ಬಾವಿಕಟ್ಟೆಯಲ್ಲಿ ನಿಂತು ಬಾಯಿಂದ ಬಾಯಿಗೆ ಹೇಳಿಕೊಳ್ಳುವ ಮಾತು. ಆದರೆ ಕೆಂಪಿನ ಹೂ ಯಾವುದು ಎಂದು ಮಾತ್ರ ನರಪಿಳ್ಳೆಗೂ ಗೊತ್ತಿಲ್ಲ. ಅತ್ಗೆ ಬೆಳಕು ಹರಿಯುವ ಮೊದಲೇ ಕಾಡಂಚಿಗೆ ಹೋಗಿ ಕೊಯ್ದು ತರುತ್ತಾರೆ, ಅಟ್ಟದ ಮೇಲೆ ಒಣಗಿಸುತ್ತಾರೆ, ಮೂಲದ ಗುರುತು ಸಿಗದಂತೆ ಅಂಗೈಯಲ್ಲಿ ತಿಕ್ಕಿ ಇಡುತ್ತಾರೆ. ಹೆಸರು ಬಾಯಿ ಬಿಟ್ಟರೆ ಮದ್ದು ಸತ್ತಂತೆ ಎಂಬುದು ಅವರ ನಂಬಿಕೆ. ದುಡ್ಡು ಮುಟ್ಟುವವರಲ್ಲ. ಮದ್ದು ಒಯ್ದವರು ಹೊರಡುವಾಗ "ಬತ್ತೆ", ಬರುತ್ತೇನೆ, ಎನ್ನಬಾರದು, ಹಾಗಂದರೆ ರೋಗವೂ ತಿರುಗಿ ಬರುತ್ತದಂತೆ. ಹಾಗಾಗಿ ಅವರ ಅಂಗಳಕ್ಕೆ ಬಂದವರೆಲ್ಲ ಪೊಟ್ಟಣ ಹಿಡಿದು, ತುಟಿ ಬಿಚ್ಚದೆ, ಹಿಂತಿರುಗಿ ನೋಡದೆ ಇಳಿದು ಹೋಗುತ್ತಾರೆ. ಹೊಸಬರಿಗೆ ಎಂತಹ ಸೊಕ್ಕಿನ ಜನವಪ್ಪ ಎನಿಸಬೇಕು.

ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಶುರುವಾದ ಹೊಸತು ಅದು. ಮಸ್ಕತ್ತಿನಲ್ಲಿ ರೇಖಾಳ ಬಾಣಂತನಕ್ಕೆ ನಾನು ಹೊರಟಿದ್ದೆ. ಆಗಲೇ ಅವಳ ಫೋನು ಬಂತು. ಮಗುವಿಗೆ ಮೈಯೆಲ್ಲ ಕೆಂಪಂತೆ. ಡಾಕ್ಟರರು ಮುಲಾಮು ಕೊಟ್ಟಿದ್ದಾರಂತೆ, ಹೆದರಬೇಡಿ ಅಂದಿದ್ದಾರಂತೆ. ಇವಳು ಮಾತ್ರ ಮಗುವಿಗಿಂತ ಜೋರಾಗಿ ಅಳುತ್ತಿದ್ದಳು. "ಅಮ್ಮಾ, ಅತ್ತಿ ಹತ್ರ ಕೇಂಡ್ ಹೂ ತಕಂಡ್ ಬಾ."

ಕೆರಾಡಿಗೆ ಹೋಗಿ ಕೇಳಿದರೆ ಅತ್ಗೆ ತಲೆ ಅಲ್ಲಾಡಿಸಿದರು. "ಕೊಟ್ಟ್ ಕಳ್ಸುಕೆ ಅದ್ ಹಪ್ಳ ಅಲ್ದ್ ಸುಮತಿ. ಶಿಶುವಿನ್ ತಾಯಿ ಕೈಗೇ ಕೊಡ್ಕ್. ನಾನೇ ಬತ್ತೆ."

ಮುಂಬೈಯಲ್ಲಿರುವ ಅವರ ಮಗ ಎಂದೋ ಮಾಡಿಸಿಟ್ಟ ಪಾಸ್‌ಪೋರ್ಟು ಪೆಟ್ಟಿಗೆಯ ತಳದಲ್ಲಿತ್ತು. ಅದರೊಳಗಿನ ಫೋಟೋದಲ್ಲೂ ಅತ್ಗೆ ಯಾರಿಗೂ ಏನೂ ಹೇಳುವುದಿಲ್ಲ ಎಂಬಂತೆ ಬಾಯಿ ಬಿಗಿದಿದ್ದರು.

ಮಂಗಳೂರು

ಮೊದಲ ತಕರಾರು ಇಲ್ಲೇ. ಮದ್ದಿನ ಹೂ ತಾಯಿಯ ಕೈ ಸೇರುವ ತನಕ ನೆಲ ಮುಟ್ಟಬಾರದು, ಬೇರೆಯವರ ಕೈಗೆ ಹೋಗಬಾರದು. ವಿಮಾನ ನಿಲ್ದಾಣದಲ್ಲಿ ಎಲ್ಲವನ್ನೂ ಆ ಓಡುವ ಪಟ್ಟಿಯ ಮೇಲೆ ಇಡಬೇಕು ಎಂದು ತಿಳಿದ ಕೂಡಲೇ ಅತ್ಗೆ ಶೌಚಾಲಯಕ್ಕೆ ಹೋದರು. ಹೊರಗೆ ಬಂದಾಗ ಹೂವಿನ ಬಟ್ಟೆ ಗಂಟು ಕೈಯಲ್ಲಿರಲಿಲ್ಲ. ಸೀರೆಯೊಳಗೆ ಸೊಂಟಕ್ಕೆ ಕಟ್ಟಿಕೊಂಡಿದ್ದರು.

ತಪಾಸಣೆಯ ಹುಡುಗಿ ಸೊಂಟ ಮುಟ್ಟಿ, "ಎಂತ ಅಜ್ಜಿ ಇದು?" ಅಂದಳು.

"ಮದ್ದ್ ಮಗಾ. ಶಿಶುವಿಗೆ."

"ಹೌದಾ? ಹೋಗಿ, ಹೋಗಿ."

ನಮ್ಮ ಕಡೆ ಮದ್ದು ಎಂಬ ಒಂದು ಮಾತು ಸಾಕು. ಅದೇ ನನಗೆ ಮೋಸ ಮಾಡಿದ್ದು. ಒಂದು ಕಡೆ ದಾಟಿದ ಮೇಲೆ ಎಲ್ಲ ಕಡೆಯೂ ದಾಟಬಹುದು ಎಂದುಕೊಂಡು ನಾನು ನಿಶ್ಚಿಂತೆಯಿಂದ ಇಡ್ಲಿ ತಿಂದೆ.

ವಿಮಾನದಲ್ಲಿ ನಾನು ಕಣ್ಣು ಮುಚ್ಚಿ ಇದ್ದಬದ್ದ ದೇವರನ್ನೆಲ್ಲ ಕರೆಯುತ್ತಿದ್ದರೆ ಅತ್ಗೆ ಕುಂದಾಪುರದ ಬಸ್ಸಿನಲ್ಲಿ ಕೂತವರ ಹಾಗೆ ಆರಾಮವಾಗಿದ್ದರು. ಅಲ್ಲೇ ಅವರು ಆ ಮಾತು ಎತ್ತಿದ್ದು. "ನಂಗೂ ವಯಸ್ಸಾಯ್ತ್. ಈ ಸರ್ತಿ ಶಿಶುವಿಗೆ ಮದ್ದ್ ಕೊಟ್ಟ್, ಆಮೇಲೆ ರೇಖನ್ ಕೈಗೆ ನೀರ್ ಬಿಡ್ತೆ."

ನೀರು ಬಿಡುವುದೆಂದರೆ ಮದ್ದನ್ನು ದಾಟಿಸುವುದು. ಒಬ್ಬರಿಗೆ, ಒಂದೇ ಸಲ. ಬಲ ಅಂಗೈಗೆ ನೀರು ಬಿಟ್ಟು ಕಿವಿಯಲ್ಲಿ ಹೂವಿನ ಹೆಸರು ಹೇಳುವುದು. ಹಾಗೆ ಹೇಳಿದರೆ ಮಾತ್ರ ಮದ್ದು ಸಾಯುವುದಿಲ್ಲ, ಪಡೆದವರದ್ದಾಗುತ್ತದೆ. ಕೊಟ್ಟವರು ಆಮೇಲೆ ಅದನ್ನು ಮುಟ್ಟುವಂತಿಲ್ಲ. ಅತ್ಗೆಯ ಅತ್ತೆ ಹೀಗೆಯೇ ಇವರಿಗೆ ದಾಟಿಸಿದ್ದರು. ಆಮೇಲೆ ಸ್ವಂತ ಮೊಮ್ಮಗನಿಗೆ ಕೆಂಪು ಎದ್ದಾಗಲೂ ಮುದುಕಿ ಜಗಲಿಯಲ್ಲಿ ಕೈಕಟ್ಟಿ ಕೂತು, "ಸೊಸಿಯನ್ನ ಕೇಣಿ" ಅಂದರಂತೆ.

ಅತ್ಗೆಯ ಸೊಸೆಯಂದಿರಿಗೆ ಇದೆಲ್ಲ ಬೇಡ. ರೇಖಾಳಿಗೆ ಬರುತ್ತದೆ ಎಂದು ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ವಿಮಾನದ ಹೆದರಿಕೆಯೇ ಮರೆತುಹೋಯಿತು.

ಕಿಟಕಿ ಇಲ್ಲದ ಕೋಣೆ

ಮಸ್ಕತ್ತಿನಲ್ಲಿ ಇಳಿದಾಗ ಮಧ್ಯಾಹ್ನ. ಬಿಳಿ ನಿಲುವಂಗಿ, ಕಸೂತಿಯ ಟೋಪಿ ಹಾಕಿದ ಗಂಡಸರು, ಗಲಾಟೆಯೇ ಇಲ್ಲದ ಸಾಲು. ನಮ್ಮಲ್ಲಿ ಸಾಲೆಂದರೆ ಮೊಣಕೈ ಜಗಳ. ಇಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ಪೆಟ್ಟಿಗೆ ಸಿಕ್ಕಿತು. ದೂರದ ಗಾಜಿನಾಚೆ ಅಳಿಯ ಸುಧಾಕರ, ಪಕ್ಕದಲ್ಲಿ ಮಗು ಎತ್ತಿಕೊಂಡ ರೇಖಾ. ನಾನು ಕೈ ಬೀಸಿದೆ. ಅತ್ಗೆ ಮಗುವನ್ನು ಕಂಡ ಸಂಭ್ರಮದಲ್ಲಿ ಎರಡೂ ಕೈಯಿಂದ ಸೊಂಟದ ಗಂಟನ್ನು ಒತ್ತಿ ಹಿಡಿದುಕೊಂಡರು.

ಅಷ್ಟು ಸಾಕಾಯಿತು. ಸಮವಸ್ತ್ರದ ಹೆಂಗಸೊಬ್ಬಳು ಬಂದು, "ಈ ಕಡೆ ಬನ್ನಿ ಮಾಂಜಿ," ಅಂದಳು. ಹಿಂದಿ! ಅಲ್ಲಿ ಹಿಂದಿ ಬರುವವರು ತುಂಬ ಜನ ಇದ್ದಾರೆಂದು ಆಮೇಲೆ ತಿಳಿಯಿತು. ಮದುವೆಯಾದ ಹೊಸತರಲ್ಲಿ ನಾನೂ ಮುಂಬೈಯಲ್ಲಿದ್ದವಳು, ಚಾಳಿನ ನಲ್ಲಿ ನೀರಿಗೆ ಜಗಳಾಡಿಯೇ ಹಿಂದಿ ಕಲಿತವಳು. ಅತ್ಗೆಗೆ ಹಿಂದಿಯ ಒಂದಕ್ಷರವೂ ಬಾರದು.

ಕೋಣೆಯೊಳಗೆ ಗಂಟು ಹೊರಗೆ ಬಂತು. ಮೇಜಿನ ಮೇಲೆ ಬಿಚ್ಚಿದರೆ ಕಂದು ಕೆಂಪಿನ, ತಿಕ್ಕಿ ಹುಡಿಯಾದ ಏನೋ ಒಂದು. ಸೊಂಟದಲ್ಲಿ ಅಡಗಿಸಿ ತಂದ ಹುಡಿ! ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಯೋಚಿಸುತ್ತಿದ್ದೆ. ನಾಯಿ ಬಂತು, ಮೂಸಿ ನೋಡಿ ಸೀನಿ ಹೋಯಿತು. ಚಿಟಿಕೆ ತೆಗೆದು ಯಾವುದೋ ಯಂತ್ರಕ್ಕೆ ಹಿಡಿದರು. ಅದೂ ಸುಮ್ಮನಿತ್ತು.

"ಇದೇನು?" ಅಂದಳು ಆ ಹೆಂಗಸು. ಎದೆಯ ಮೇಲಿನ ಬಿಲ್ಲೆಯಲ್ಲಿ ಸಲ್ಮಾ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಹೂ. ಮಗುವಿನ ಮದ್ದು," ಅಂದೆ.

"ಯಾವ ಹೂ?"

ನಾನು ಅತ್ಗೆಯ ಮುಖ ನೋಡಿದೆ. ಅತ್ಗೆ ಗೋಡೆ ನೋಡಿದರು.

"ಅತ್ಗೆ, ಹೆಸ್ರ್ ಕೇಂತ್ರ್."

"ಹೇಳೂಕಾತಿಲ್ಲೆ ಅನ್ನ್."

"ಇದ್ ಕೆರಾಡಿ ಅಲ್ಲ, ಪರದೇಶ! ಜೈಲಿಗ್ ಹಾಕ್ರೆ ಎಂತ ಮಾಡುದ್?"

"ಹಾಕ್ಲಿ. ಜೈಲಗೂ ಅನ್ನ ಹಾಕ್ತ್ರಲ್ದಾ."

ಏನು ಹೇಳಲಿ ಇಂಥವರಿಗೆ! ಹಟ ಹಿಡಿದರೆ ಅತ್ಗೆಯದ್ದು ಉಡದ ಪಟ್ಟು. ಹೆಸರು ಹೇಳಿದರೆ ಮದ್ದು ಸಾಯುತ್ತದೆ ಎಂದು ನಂಬುತ್ತಾರೆ ಎಂದು ನಾನು ಸಲ್ಮಾಗೆ ಬಿಡಿಸಿ ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. ಮೂಲೆಯ ಡಬ್ಬಿ ತೋರಿಸಿ, "ಹಾಗಾದರೆ ಇದರಲ್ಲಿ ಹಾಕಿ, ಹೋಗಿ," ಅಂದಳು. ಕಸದ ಡಬ್ಬಿ. ಅಳುವ ಮಗುವಿನ ಮದ್ದನ್ನು ಬಿಸಾಡುವುದೇ ಎಂಬಂತೆ ಅತ್ಗೆ ಎರಡೂ ಕೈಯನ್ನು ಹೂವಿನ ಮೇಲೆ ಮುಚ್ಚಿಟ್ಟರು. "ಹೊರ್ಗೆ ಶಿಶು ಮರ್ಕ್ತಾ ಇತ್ತ್. ನಾ ಬರಿಗೈಯಗೆ ಹೋತಿಲ್ಲೆ."

ಅಲ್ಲಿ ಇನ್ನೊಬ್ಬ ಹಿರಿಯ ಅಧಿಕಾರಿ ಇದ್ದ. ಬಿಳಿ ಗಡ್ಡ, ಕೈಯಲ್ಲೊಂದು ಫ್ಲಾಸ್ಕು. ವಿಚಾರಣೆಯ ನಡುವೆಯೂ ಆತ ನಮಗೆ ಕುಡಿಯಲು ಕೊಟ್ಟ. ಹಾಲಿಲ್ಲದ, ಸಕ್ಕರೆಯಿಲ್ಲದ, ಏಲಕ್ಕಿ ಹಾಕಿದ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ. ನಮ್ಮಲ್ಲಿ ಪೊಲೀಸರು ಕರೆದರೆ ನೀರು ಕೇಳಲೂ ಹೆದರಬೇಕು. ಕುಡಿದು ಮುಗಿಸಿದೆ, ಮತ್ತೆ ಹೊಯ್ದ. ಬೇಡವೆನ್ನಲು ಹೆದರಿಕೆ, ಕುಡಿದೆ. ಮತ್ತೆ ಹೊಯ್ದ. ಹೊಟ್ಟೆ ಉಬ್ಬರಿಸಿ, ಶೌಚಾಲಯ ಎಲ್ಲಿದೆ ಎಂದು ಕೇಳುವ ಧೈರ್ಯವೂ ಇಲ್ಲದೆ ಒದ್ದಾಡಿದೆ. ಸಾಕೆಂದರೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕು ಎಂದು ಕೊನೆಗೆ ಸಲ್ಮಾಳೇ ಮಾಡಿ ತೋರಿಸಿದಳು. ಅತ್ಗೆ ಮಾತ್ರ ಒಂದೇ ಗುಟುಕಿಗೆ, "ಇದ್ ಕಷಾಯವೇ," ಎಂದು ತೀರ್ಪು ಕೊಟ್ಟು ಬಟ್ಟಲು ಕೆಳಗಿಟ್ಟಿದ್ದರು.

ಆಗ ನನ್ನ ತಲೆಗೆ ಒಂದು ಬುದ್ಧಿ ಹೊಳೆಯಿತು. ಅತ್ಗೆಗೆ ಹಿಂದಿ ಬಾರದಲ್ಲ! ಸಲ್ಮಾಳ ಕಡೆ ವಾಲಿ, ಅತ್ಗೆಯ ಕಿವಿಗೆ ಬೀಳದಂತೆ, "ದಾಸವಾಳ," ಅಂದೆ. ಅರ್ಥವಾಗಲಿಲ್ಲ. ಹಿಂದಿಯ ಹೆಸರು ನೆನಪಾಗದೆ ಕೈಯಲ್ಲೇ ಐದು ಎಸಳು, ನಡುವಿನ ಉದ್ದ ಕೇಸರ ಮಾಡಿ ತೋರಿಸಿದೆ. ಅವಳು ಹಿರಿಯನಿಗೆ ಅರಬಿಯಲ್ಲಿ ಹೇಳಿದಳು. ಆತ ಒಂದು ಚೂರು ಎತ್ತಿ ಮೂಸಿದ, ನಾಲಿಗೆಯ ತುದಿಗೆ ತಾಗಿಸಿದ, ತಲೆ ಅಲ್ಲಾಡಿಸಿದ.

"ಒಣಗಿದ ದಾಸವಾಳ ಕುದಿಸಿ ನಾವು ಕುಡಿಯುತ್ತೇವೆ," ಅಂದಳು ಸಲ್ಮಾ. "ಇದು ಅದಲ್ಲ."

ಕೆಟ್ಟೆನಲ್ಲಪ್ಪ! ಇಡೀ ಲೋಕದಲ್ಲಿ ನನಗೆ ಸಿಕ್ಕಿದ್ದು ಇವರ ಮನೆಯ ಕಷಾಯದ ಹೂವೇ! ಅವಳ ಮುಖದಲ್ಲಿದ್ದ ಮೆದುತನ ಹೋಯಿತು. ಇನ್ನು ಕಸದ ಡಬ್ಬಿಯ ಮಾತಿಲ್ಲ ಅಂದಳು. ಅಡಗಿಸಿ ತಂದಿದ್ದೀರಿ, ಸುಳ್ಳೂ ಹೇಳಿದ್ದೀರಿ. ಹೆಸರು ಹೇಳದಿದ್ದರೆ ಇದು ಪರೀಕ್ಷೆಗೆ ಹೋಗುತ್ತದೆ, ಉತ್ತರ ಬರುವ ತನಕ ಇಬ್ಬರೂ ಇಲ್ಲೇ, ಆಮೇಲೆ ಹೆಚ್ಚಾಗಿ ವಾಪಸು ವಿಮಾನ. ನನಗೆ ಅಳು ಬಂತು. ಗಾಜಿನಾಚೆಗೆ ಮೊಮ್ಮಗು, ನಾನಿನ್ನೂ ಅದರ ಮುಖ ಸರಿಯಾಗಿ ಕಂಡಿರಲಿಲ್ಲ.

ಅತ್ಗೆಗೆ ಎಲ್ಲ ಹೇಳಿದೆ, ನನ್ನ ದಾಸವಾಳದ ಕಥೆಯನ್ನೂ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ನನ್ ಕೈಗೇ ನೀರ್ ಬಿಡಿ ಅತ್ಗೆ," ಎಂದು ಗೋಗರೆದೆ. "ಮದ್ದ್ ನಂದಾತ್ತಲೆ. ನಾ ಹೇಳ್ತೆ."

"ತಕಂಡ್ ಕೂಡ್ಲೆ ನೀ ಹೇಳ್ರೆ ನಿನ್ ಕೈಯಗೆ ಸಾಯತ್ತ್. ಸತ್ ಹೂವನ್ ಶಿಶುವಿಗ್ ಹಚ್ಚುದಾ?"

ಆಮೇಲೆ ಅವರು ಸಲ್ಮಾಳನ್ನೇ ನೋಡತೊಡಗಿದರು, ಹೆಣ್ಣು ನೋಡಲು ಬಂದವರು ನೋಡುವ ಹಾಗೆ.

"ಆ ಹೆಣ್ಣಿಗ್ ಮಕ್ಳಿದ್ವಾ ಕೇಣ್."

ಕೇಳಿದೆ. ಒಬ್ಬಳು ಮಗಳು, ಚಿಕ್ಕವಳು ಅಂದಳು. ಯಾಕೆ ಎಂದು ಹುಬ್ಬು ಗಂಟಿಕ್ಕಿದಳು.

"ಅಡ್ಡಿಲ್ಲೆ ಹಂಗಾರೆ. ಒಂಚೂರ್ ನೀರ್ ಕೇಣ್. ಬಲ್ಗೈ ಚಾಚುಕ್ ಹೇಳ್."

ನನಗೆ ಆಗ ತಿಳಿಯಿತು. ಎದ್ದು ನಿಂತುಬಿಟ್ಟೆ. "ಅತ್ಗೇ! ರೇಖಂಗೆ ಅಂದಿದ್ರಿ!"

"ರೇಖ ಹೊರ್ಗಿತ್ತ್. ಹೆಸ್ರ್ ಕೇಂಬುವಳ್ ಇಲ್ಲಿತ್ತ್," ಅಂದರು ಅತ್ಗೆ. "ಹೇಳ್, ಸರಿಯಾಗ್ ಹೇಳ್ ಅವ್ಳಿಗೆ. ಇನ್ನ್ ಸುಳ್ಳ್ ಸೇರ್ಸ್‌ಬ್ಯಾಡ."

ಹೇಳಿದೆ. ಇವರು ಹೆಸರು ಹೇಳುತ್ತಾರೆ, ನಿನ್ನೊಬ್ಬಳಿಗೆ, ಕಿವಿಯಲ್ಲಿ. ಹೇಳಿದ ಮೇಲೆ ಮದ್ದು ನಿನ್ನದು. ನೀನು ಯಾರಿಗೂ ಹೇಳಬಾರದು. ದುಡ್ಡು ಮುಟ್ಟಬಾರದು. ಕೇಳಿ ಬಂದ ತಾಯಿಗೆ ಇಲ್ಲ ಎನ್ನಬಾರದು. ಇವರಿಗೆ ಇನ್ನು ಮುಂದೆ ಮದ್ದು ಇಲ್ಲ.

ಸಲ್ಮಾ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಹಿರಿಯನ ಕಡೆ ನೋಡಿದಳು. ಆತ ಏನೋ ಎರಡು ಮಾತು ಹೇಳಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಹೊರಗೆ ಹೋದ. ಅವಳು ಕೈಗವಸು ತೆಗೆದಳು. ಅಂಗೈಯಲ್ಲಿ ಮಾಸಿದ ಮದರಂಗಿ ಇತ್ತು. ಅತ್ಗೆ ಕಾಗದದ ಲೋಟದಿಂದ ಅದರ ಮೇಲೆ ನೀರು ಬಿಟ್ಟು, ಕಿವಿಯ ಹತ್ತಿರ ಬಾಯಿ ಒಯ್ದರು. ನಾನು ಗೋಡೆಯ ಕಡೆ ತಿರುಗಿದೆ. ಕದ್ದು ಕೇಳಲೇ ಎಂದು ಜೀವ ಒದ್ದಾಡಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೇಳಿಸಲಿಲ್ಲ. ತಿರುಗಿ ನೋಡಿದಾಗ ಸಲ್ಮಾ ಕನ್ನಡದ ಆ ಹೆಸರನ್ನು ಸದ್ದಿಲ್ಲದೆ ತುಟಿಯಲ್ಲೇ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಅವಳಿಗೆ ಏನು ಅರ್ಥವಾಯಿತೋ, ಅಲ್ಲಿಯ ಕಾನೂನಿಗೆ ಅದೆಷ್ಟು ಸಾಕಾಯಿತೋ, ನನಗೆ ಈಗಲೂ ತಿಳಿಯದು. ಹೊರಗೆ ಹೋಗಿ ಹಿರಿಯನ ಹತ್ತಿರ ಮಾತಾಡಿ ಬಂದವಳು, "ನಡೆಯಿರಿ," ಅಂದಳು.

ಗಾಜಿನಾಚೆ

ಅತ್ಗೆ ಗಂಟು ಮುಟ್ಟಲಿಲ್ಲ. "ಅವ್ಳೇ ಕೊಡ್ಕ್. ತಾಯಿ ಕೈಗೆ." ಸಲ್ಮಾ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಮ್ಮ ಮುಂದೆ ನಡೆದಳು. ಸಮವಸ್ತ್ರದವಳ ಹಿಂದೆ ನಾವಿಬ್ಬರು ಬರುವುದನ್ನು ಕಂಡು ರೇಖಾಳ ಮುಖ ಬಿಳಿಚಿಹೋಯಿತು. ಸುಧಾಕರ ಅದಾಗಲೇ ಯಾರಿಗೋ ಫೋನು ಹಚ್ಚಿದ್ದ. ಸಲ್ಮಾ ಬಲಗೈಯಿಂದ ಗಂಟನ್ನು ರೇಖಾಳ ಅಂಗೈಗೆ ಇಟ್ಟು, ಮಗುವಿನ ಕೆನ್ನೆಯ ಕೆಂಪು ದಡ್ಡುಗಳನ್ನು ಬಗ್ಗಿ ನೋಡಿದಳು.

"ಥ್ಯಾಂಕ್ಯೂ ಮೇಡಂ," ಎಂದಳು ರೇಖಾ. ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಅವಳ ಬಾಯಿ ಮುಚ್ಚಿ ರಟ್ಟೆ ಹಿಡಿದು ಎಳೆದೆ. ನಾವ್ಯಾರೂ ಹಿಂತಿರುಗಿ ನೋಡಲಿಲ್ಲ. ಅತ್ಗೆಯೂ ನೋಡಲಿಲ್ಲ. ಮದ್ದು ಪಡೆದವರ ಹಾಗೆ ತಲೆ ತಗ್ಗಿಸಿ, ತುಟಿ ಬಿಗಿದು, ನಮ್ಮ ಜೊತೆ ನಡೆದು ಬಂದರು.

ಮತ್ರಾ

ಮಗುವಿನ ಕೆಂಪು ಇಳಿಯಿತು. ಡಾಕ್ಟರರ ಮುಲಾಮಿಗೋ, ಹೂವಿಗೋ, ನಾನು ವಕೀಲಿ ಮಾಡಲು ಹೋಗುವುದಿಲ್ಲ. ಎರಡನ್ನೂ ಹಚ್ಚುತ್ತಿದ್ದೆವು. ಅತ್ಗೆ ಮಾತ್ರ ಎಣ್ಣೆಯ ಬಟ್ಟಲು ಮುಟ್ಟಲಿಲ್ಲ. ಮಗುವನ್ನು ಎಣ್ಣೆ ಹಚ್ಚಲು ಮಲಗಿಸಿದಾಗ ಅವರ ಕೈಗಳು ತಾವಾಗಿಯೇ ಮೇಲೇಳುತ್ತಿದ್ದವು. ಮತ್ತೆ ಮಡಿಲಿಗೆ ಇಳಿಯುತ್ತಿದ್ದವು. ನೋಡಲಾಗದೆ ನಾನು ಅಡುಗೆ ಮನೆಗೆ ಹೋಗುತ್ತಿದ್ದೆ.

ಒಂದು ಸಂಜೆ ಸುಧಾಕರ ಮತ್ರಾದ ಹಳೆಯ ಪೇಟೆಗೆ ಕರೆದುಕೊಂಡು ಹೋದ. ಕಿರಿದಾದ ಓಣಿ, ಧೂಪದ ಹೊಗೆ, ಗೋಣಿಗಳ ತುಂಬ ಒಣಗಿದ ಗುಲಾಬಿ ಮೊಗ್ಗು, ಮತ್ತೇನೇನೋ ಹೂ. ತಲೆನೋವಿಗೆ, ಹೊಟ್ಟೆನೋವಿಗೆ ಇಲ್ಲಿಯವರು ಗುಲಾಬಿ ನೀರು ಕುಡಿಯುತ್ತಾರಂತೆ. ಅಂಗಡಿಯವರು ಯಾವ ಹೂ, ಯಾವುದಕ್ಕೆ ಎಂದು ಕರೆಕರೆದು ಹೇಳುತ್ತಿದ್ದರು. ಅತ್ಗೆ ಒಂದು ಗೋಣಿಯ ಮುಂದೆ ಗಕ್ಕನೆ ನಿಂತರು. ಕಂದು ಕೆಂಪಿನ ಸಣ್ಣ ಹೂ. ಇದೇ ಇರಬಹುದೇ? ಅವರು ಬಗ್ಗಿದರು, ಮೂಸಲಿಲ್ಲ, ಮುಟ್ಟಲಿಲ್ಲ, ಮುಂದೆ ಹೋದರು.

"ಅದಾ ಅತ್ಗೆ?" ಅಂದೆ.

"ಸಲ್ಮಾಳ್ ಹತ್ರ ಕೇಣ್," ಅಂದರು.

ಮತ್ತೆ ಕೆರಾಡಿ

ಊರಿಗೆ ಬಂದ ಮೇಲೆ ಒಂದು ದಿನ ಅತ್ಗೆಯ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದಾಗ ಬೈಂದೂರು ಕಡೆಯ ಬಾಣಂತಿಯೊಬ್ಬಳು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. "ಹ್ವಾಯ್ ಅಮ್ಮಾ, ಶಿಶುವಿಗೆ ಕೆಂಪ್ ಎದ್ದಿತ್ತ್. ಮದ್ದ್ ಬೇಕಿತ್ತ್."

"ಮದ್ದ್ ನನ್ ಕೈಯಗೆ ಇಲ್ಲೆ ಮಗಾ. ಮಸ್ಕತ್ತಗೆ ಇತ್ತ್. ಸಲ್ಮಾ ಅಂತ ಒಂದ್ ಹೆಣ್ಣ್, ಅವ್ಳ್ ಕೈಯಗೆ."

ಹುಡುಗಿ ಪಿಳಿಪಿಳಿ ನೋಡಿದಳು. ಮುದುಕಿಗೆ ತಲೆ ಕೆಟ್ಟಿತೇ ಎಂದು ನನ್ನ ಕಡೆಯೂ ನೋಡಿದಳು. ನನಗೆ ತಡೆಯಲಿಲ್ಲ. ಅತ್ಗೆಯ ಕಿವಿಯ ಹತ್ತಿರ ಹೋಗಿ ಹೇಳಿದೆ, "ಅತ್ಗೆ, ಹೂ ಕಾಡಗೆ ಹಾಂಗೇ ಇತ್ತಲೆ. ಕೊಯ್ದ್ ಕೊಡಿ. ಮಸ್ಕತ್ತಿನವ್ಳಿಗೆ ಯಾರ್ ಹೇಳೂಕ್ ಹೋತ್ರ್?"

ಅತ್ಗೆ ಅಟ್ಟದ ಕಡೆ ಒಮ್ಮೆ ನೋಡಿದರು. "ಕೊಟ್ಟದ್ದ್ ಕೊಟ್ಟದ್ದೇ," ಅಂದರು. ಮಗುವಿನ ಮೈ ನೋಡಿ, ಮುಟ್ಟದೆ, "ಕುಂದಾಪ್ರಕ್ ಹೋಯಿ ಮಕ್ಳ್ ಡಾಕ್ಟ್ರಿಗ್ ತೋರ್ಸ್. ಇವತ್ತೇ ಹೋಗ್," ಎಂದು ಹೇಳಿ ಕುಡಿಯಲು ಬೆಲ್ಲ ನೀರು ಕೊಟ್ಟರು.

ಹುಡುಗಿ ಕುಡಿದು, ಮಗುವಿಗೆ ಶಾಲು ಸುತ್ತಿ ಎದ್ದಳು. ಯಾರೋ ಹೇಳಿ ಕಳಿಸಿದ್ದಿರಬೇಕು, ಆ ಮನೆಯಿಂದ ಹೇಗೆ ಹೊರಡಬೇಕೆಂದು. ತುಟಿ ಬಿಚ್ಚದೆ, ಹಿಂತಿರುಗಿ ನೋಡದೆ ಮೆಟ್ಟಿಲು ಇಳಿದಳು. ಅಂಗಳದ ಅರ್ಧಕ್ಕೆ ಹೋಗಿರಬೇಕು, ಅತ್ಗೆ ಜಗಲಿಯ ಕಂಬ ಹಿಡಿದು ಎದ್ದು ನಿಂತರು.

"ಹ್ವಾಯ್! ಬತ್ತೆ ಅಂತ ಹೇಳಿ ಹೋಗ್ ಮಗಾ. ಇನ್ನ್ ಹೇಳ್ಲಕ್, ಅಡ್ಡಿಲ್ಲೆ."

ಹುಡುಗಿ ನಿಂತು ತಿರುಗಿದಳು. "ಬತ್ತೆ ಅಮ್ಮಾ," ಅಂದಳು.

"ಹ್ಞಾ, ಬಾ," ಅಂದರು ಅತ್ಗೆ.